ಸೀಸದ ಬಿಲ್ಲೆ

ಸಭೆಯ ಹಿರಿಯ ಮೊರಿಸೆ ಚೀಲದೊಳಗೆ ಕೈಹಾಕಿ ಒಂದೇ ಒಂದು ಬಿಲ್ಲೆ ತೆಗೆದು ಮೇಜಿನ ಮೇಲಿಟ್ಟ. ರಶೆಲ್ ಅದನ್ನೆತ್ತಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ಇನ್ನೊಂದು ಬರಬಹುದೇನೋ ಎಂದು ಅವಳ ಗಂಡ ಜಕಾರಿ ಕಾದ. ಮೊರಿಸೆ ಚೀಲದ ದಾರ ಎಳೆದು ಗಂಟು ಹಾಕಿದ. ಸೀಸದ ಕಪ್ಪು ಹತ್ತಿದ್ದ ಅದೇ ಬೆರಳುಗಳಿಂದ ತಟ್ಟೆಯಲ್ಲಿದ್ದ ಉಪ್ಪುಮೀನನ್ನು ಹರಿದು ಬಾಯಿಗಿಟ್ಟುಕೊಂಡ. ಬಿಲ್ಲೆ ಕೊಡದ ಮನೆಯಲ್ಲೂ ಅವನು ಊಟ ಬಿಡುತ್ತಿರಲಿಲ್ಲ.

ಪ್ರಭುಭೋಜನಕ್ಕೆ ಮೊದಲು ಸಭೆಯ ಹಿರಿಯರು ತಂತಮ್ಮ ಬೀದಿಯ ಮನೆಗಳಿಗೆ ಹೋಗಿ ಬಿಲ್ಲೆ ಹಂಚುವುದು ಫ್ರಾನ್ಸಿನಿಂದ ಜೊತೆಗೇ ಬಂದ ಪದ್ಧತಿ. ಬಿಲ್ಲೆ ಇದ್ದವರು ಮೇಜಿನ ಬಳಿ ಹೋಗಿ ಅದನ್ನು ಕೊಟ್ಟು ರೊಟ್ಟಿ ತಿನ್ನಬೇಕು, ದ್ರಾಕ್ಷಾರಸ ಕುಡಿಯಬೇಕು. ಇಲ್ಲದವರು ಕೀರ್ತನೆ ಮುಗಿದ ಮೇಲೆ ಎದ್ದು ಹೊರಗೆ ಹೋಗಬೇಕು. ಲಂಡನ್ನಿನ ಸ್ಪಿಟಲ್‌ಫೀಲ್ಡ್ಸಿಗೆ ಬಂದ ಇಪ್ಪತ್ತು ವರ್ಷಗಳಿಂದ ಜಕಾರಿ ಗಾರ್ನೊ ಎದ್ದು ಹೊರಗೆ ಹೋಗುತ್ತಿದ್ದ. ಅವನು ಹೂವಿನ ರೇಷ್ಮೆ ನೇಯುವವನು. ಬೀದಿಯಲ್ಲಿ ಅವನ ಕೈಕೆಲಸಕ್ಕೆ ಹೆಸರಿತ್ತು. ಆದರೆ ಆ ಭಾನುವಾರಗಳಂದು ಅವನು ಹೊರಗೆ ಬಂದರೆ ಅವನ ಜೊತೆ ಬರುವವರು ಕುಡುಕರು, ಸಾಲ ಎಗರಿಸಿದವರು, ಸೂಳೆಮನೆಯ ಬಾಗಿಲಲ್ಲಿ ಸಿಕ್ಕಿಬಿದ್ದ ಹುಡುಗರು.

ಫ್ರಾನ್ಸಿನ ದೊರೆ ಪ್ರಾಟೆಸ್ಟಂಟರ ಸಭೆಗಳನ್ನೆಲ್ಲ ಕೆಡವಿ, ಮನೆಮನೆಗೆ ಸಿಪಾಯಿಗಳನ್ನು ನುಗ್ಗಿಸಿದ ಕಾಲದಲ್ಲಿ ಹೆದರಿ ರೋಮಿನ ಕ್ಯಾಥೊಲಿಕರ ಪೂಜೆಗೆ ಹೋದವರು ಸಾವಿರಾರು ಮಂದಿ. ಅವರು ಲಂಡನ್ನಿಗೆ ಓಡಿಬಂದ ಮೇಲೆ ಮೊದಲ ಕೆಲಸ, ಸಭೆಯ ಮುಂದೆ ಮಂಡಿಯೂರಿ ತಪ್ಪೊಪ್ಪಿಕೊಳ್ಳುವುದು. ಒಪ್ಪಿಕೊಂಡರೆ ಶುದ್ಧ. ರಶೆಲ್ ಬಂದ ಮೊದಲ ಭಾನುವಾರವೇ ಒಪ್ಪಿಕೊಂಡಿದ್ದಳು. ಮೊರಿಸೆ ಒಪ್ಪಿಕೊಂಡು, ಆರನೇ ವರ್ಷಕ್ಕೆ ಹಿರಿಯನೂ ಆದ. ಜಕಾರಿ ಒಪ್ಪಿಕೊಳ್ಳಲಿಲ್ಲ. ಒಪ್ಪಿಕೊಳ್ಳಲು ಅವನ ಬಳಿ ಏನೂ ಇರಲಿಲ್ಲ. ಅವನು ಪೂಜೆಗೆ ಹೋಗಿರಲೇ ಇಲ್ಲ.

"ಒಂದು ಭಾನುವಾರದ ಮಾತು ತಮ್ಮಾ," ಮೊರಿಸೆ ಮೀನಿನ ಮುಳ್ಳನ್ನು ತಟ್ಟೆಯ ಅಂಚಿಗೆ ಉಗಿದ. "ಮಂಡಿಯೂರು, ಹೌದು ಅನ್ನು, ಎದ್ದು ಬಾ. ಈ ಬೀದೀಲಿ ಯಾರು ಮಾಡಿಲ್ಲ ಹೇಳು."

"ನಾನು ಹೋಗಿಲ್ಲ, ಹಿರಿಯರೇ."

"ಸಿಪಾಯಿಗಳು ಬಂದ್ಮೇಲೂ ನಾಲ್ಕು ವರ್ಷ ಫ್ರಾನ್ಸಲ್ಲೇ, ನಮ್ಮ ಪ್ವಾತು ಸೀಮೇಲೇ ಇದ್ದೆ. ನಾಲ್ಕು ವರ್ಷದಲ್ಲಿ ಒಂದ್ಸಲಾನೂ ಹೋಗಿಲ್ಲ."

"ಇಲ್ಲ."

ಮೊರಿಸೆ ಕೈ ಒರೆಸಿಕೊಂಡ. ಅವನೂ ಜಕಾರಿಯ ಊರಿನವನೇ. "ನಿಮ್ಮಪ್ಪ ಹೋಗ್ಲಿಲ್ಲ. ಅದು ನಮಗೆಲ್ಲ ಗೊತ್ತು. ಹೋಗದೆ ಇದ್ದಿದ್ದಕ್ಕೆ ಏನಾಯ್ತು ಅಂತಾನೂ ಗೊತ್ತು. ಹೋಗದೆ ಇದ್ದೋರು ಸತ್ರು ಕಣಪ್ಪ. ನೀನು ಬದುಕಿದೀಯ."

ಜಕಾರಿಯ ಅಪ್ಪ ಸಾಯುವಾಗ, ರೋಮಿನ ಪಾದ್ರಿ ಹಣೆಗೆ ಹಚ್ಚುವ ಎಣ್ಣೆ ಬೇಡವೆಂದು ಮುಖ ತಿರುಗಿಸಿದ್ದ. ಹೆಣವನ್ನು ಬೆತ್ತಲೆ ಮಾಡಿ, ಬೇಲಿಯ ತಡಿಕೆಗೆ ಬೋರಲು ಕಟ್ಟಿ, ಸಂತೆಬೀದಿಯಲ್ಲಿ ಎಳೆದು ತಿಪ್ಪೆಗೆ ಎಸೆದಿದ್ದರು. ಮಗ ಆಗ ಊರಾಚೆಯ ಕಾಡಿನಲ್ಲಿ ಇದ್ದಿಲು ಸುಡುವವರ ಗುಡಿಸಲಿನಲ್ಲಿ ಅಡಗಿದ್ದ. ಸುದ್ದಿ ತಂದವಳು ರಶೆಲ್.

ಇಪ್ಪತ್ತು ವರ್ಷ ಹೇಗೋ ನಡೆದಿತ್ತು. ಈ ವರ್ಷ ನಡೆಯುವಂತಿರಲಿಲ್ಲ. ಪರದೇಶದಿಂದ ಬಂದ ಪ್ರಾಟೆಸ್ಟಂಟರು ಯಾವುದಾದರೂ ಸಭೆಯಲ್ಲಿ ಪ್ರಭುಭೋಜನ ತೆಗೆದುಕೊಂಡು, ಬೋಧಕನ ಮತ್ತು ಇಬ್ಬರು ಸಾಕ್ಷಿಗಳ ರುಜು ತಂದು, ಕೋರ್ಟಿನಲ್ಲಿ ಪ್ರಮಾಣ ಮಾಡಿ ಒಂದು ಶಿಲ್ಲಿಂಗ್ ಕೊಟ್ಟರೆ ರಾಣಿಯ ಪ್ರಜೆ ಎಂದು ಪಾರ್ಲಿಮೆಂಟು ಕಾಯಿದೆ ಮಾಡಿ ಮೂರು ವರ್ಷವೂ ಆಗಿರಲಿಲ್ಲ. ಜರ್ಮನಿಯಿಂದ ಹರಕು ಬಟ್ಟೆಯವರು ಹಿಂಡುಹಿಂಡಾಗಿ ಬಂದಿಳಿದು ಲಂಡನ್ನಿನ ಹೊರಗಿನ ಬಯಲುಗಳನ್ನು ತುಂಬಿಬಿಟ್ಟ ಮೇಲೆ ಇಂಗ್ಲಿಷರಿಗೆ ಆ ಕಾಯಿದೆ ಬೇಡವಾಯಿತು. ಹಿಂದಿನ ವರ್ಷ ಅದನ್ನು ಕಿತ್ತುಹಾಕಲು ಹೋದಾಗ ಮೇಲ್ಮನೆ ತಡೆದಿತ್ತು. ಈ ಸಲ ತಡೆಯುವುದಿಲ್ಲವೆಂದು ಬೀದಿಯ ನಾಯಿಗೂ ಗೊತ್ತಿತ್ತು. ಕಾಯಿದೆ ಹೋಗುವ ಮೊದಲು ಸಭೆಯಲ್ಲಿ ಸಿಗುವುದು ಕ್ರಿಸ್ಮಸ್ಸಿನ ಪ್ರಭುಭೋಜನವೇ ಕೊನೆ.

ಮನೆಯ ಒಡೆಯ ಪಾರ್ಗಿಟರ್ ಅಕ್ಟೋಬರಿನಲ್ಲೇ ಬಂದು ಹೋಗಿದ್ದ. ಎಂದೋ ಸತ್ತ ಹೆನ್ರಿ ದೊರೆಯ ಕಾಲದ ಕಾನೂನೊಂದಿದೆ, ಪರದೇಶಿ ಕಸುಬುದಾರನಿಗೆ ಮನೆ ಕರಾರು ಮಾಡಿಕೊಟ್ಟರೆ ಅದು ನಿಲ್ಲುವುದಿಲ್ಲ ಎಂದು ಬಹಳ ವಿನಯದಿಂದ ಹೇಳಿದ್ದ. ಪ್ರಜೆಯ ಪತ್ರ ತಂದರೆ ಇಪ್ಪತ್ತೊಂದು ವರ್ಷಕ್ಕೆ ಬರೆದುಕೊಡುತ್ತೇನೆ, ಇಲ್ಲದಿದ್ದರೆ ಪತ್ರವಿರುವ ಬೇರೆಯವರು ಕೇಳುತ್ತಿದ್ದಾರೆ ಎಂದಿದ್ದ. ಗಂಡನಿರುವ ಹೆಂಗಸಿನ ಹೆಸರಿಗೆ ಆಗುವುದಿಲ್ಲವೆಂದೂ ಹೇಳಿದ. ಇಲ್ಲಿ ಹುಟ್ಟಿದ ಮಕ್ಕಳಿದ್ದರೆ ಅವರ ಹೆಸರಿಗೆ ಆಗುತ್ತಿತ್ತು, ಇದ್ದಾರೆಯೇ ಎಂದು ಕೇಳಿದ. ಇಬ್ಬರು ಹುಟ್ಟಿದ್ದರು, ಇಬ್ಬರೂ ತೊಟ್ಟಿಲಲ್ಲೇ ಹೋದರು ಎಂದು ರಶೆಲ್ ಹೇಳಿದಳು. ಅಯ್ಯೋ, ಅನುಕೂಲವಾಗುತ್ತಿತ್ತು ಎಂದ ಪಾರ್ಗಿಟರ್.

ಆ ಮನೆ ಹೋದರೆ ಎಲ್ಲವೂ ಹೋದಂತೆ. ಅಟ್ಟದಲ್ಲಿ ಗೋಡೆಯುದ್ದಕ್ಕೂ ಕಿಟಕಿ. ಆ ಬೆಳಕಿಗಾಗಿಯೇ ಮಗ್ಗಗಳನ್ನು ಅಲ್ಲೇ ಕಟ್ಟಿದ್ದರು. ಹೂವಿನ ಮಗ್ಗವನ್ನು ಬಿಚ್ಚಿದರೆ ಮತ್ತೆ ಕಟ್ಟಲು ಒಂದು ಚಳಿಗಾಲವೇ ಬೇಕು. ಹಾಸಿನಲ್ಲಿ ಅರ್ಧ ನೇಯ್ದ ರೇಷ್ಮೆ ವ್ಯಾಪಾರಿಯದು, ಹಾಳಾದರೆ ಅವನಿಗೆ ದಂಡ ತೆರಬೇಕು. ಹಿಂದಿನ ಬೀದಿಯ ಕುಟುಂಬವೊಂದನ್ನು ಹೀಗೆಯೇ ಹೊರಹಾಕಿದಾಗ ಅವರ ಮಗ್ಗದ ಮರಗಳು ಎರಡು ದಿನ ಚರಂಡಿಯ ಪಕ್ಕ ಬಿದ್ದಿದ್ದವು. ಮೂರನೇ ದಿನ ಯಾರೋ ಸೌದೆಗೆ ಹೊತ್ತುಕೊಂಡು ಹೋದರು.

ಪಕ್ಕದ ಮನೆಯ ರಿಬ್ಬನ್ ನೇಯುವ ತೊಬಿ ಇನ್ನೊಂದು ದಾರಿ ಹೇಳಿಕೊಟ್ಟ. ಸಭೆ ಯಾವುದಾದರೇನು, ಇಂಗ್ಲಿಷರ ಚರ್ಚಿಗೇ ಹೋಗು, ಅಲ್ಲಿ ಬಿಲ್ಲೆಯೂ ಇಲ್ಲ, ತಪ್ಪೊಪ್ಪಿಗೆಯೂ ಇಲ್ಲ ಎಂದ.

"ಬೇಗ ಹೋಗು ಮಾರಾಯ. ತಿಂದು ಮೂರು ತಿಂಗಳೊಳಗೆ ಪ್ರಮಾಣ ಮಾಡ್ಬೇಕು. ಆಮೇಲೆ ರೊಟ್ಟಿ ಹಳಸುತ್ತೆ ಅಂತ ಪಾರ್ಲಿಮೆಂಟೇ ಹೇಳಿದೆ."

ಜಕಾರಿ ಒಂದು ಭಾನುವಾರ ಹೋಗಿ ಬಾಗಿಲ ಬಳಿ ನಿಂತು ನೋಡಿದ. ಪೂಜಾಪೀಠದ ಮುಂದಿನ ಕಟಕಟೆಯ ಬಳಿ ಪರದೇಶಿಗಳ ಸಾಲು. ದೇವರಿಗೆ ಮಂಡಿಯೂರುವುದು ಬೇರೆ. ಇವರು ರೊಟ್ಟಿಗೆ ಮಂಡಿಯೂರಿ ಬಾಯಿ ತೆರೆದಿದ್ದರು. ಪಾದ್ರಿಗೆ ನೆಗಡಿ. ಮೂಗು ಒರೆಸಿಕೊಂಡ ಕೈಯಿಂದಲೇ ರೊಟ್ಟಿ ಮುರಿಯುತ್ತಿದ್ದ. ಸಾಲಿನ ಕೊನೆಯವನು ಅಗಿಯುತ್ತಲೇ ಎದ್ದು, ಗುಮಾಸ್ತನ ಮುಂದೆ ನಿಂತು ಹೆಸರು ಹೇಳಿದ. ಅವನ ಬಾಯಿಂದ ಚೂರೊಂದು ಸಿಡಿದು ಕಾಗದದ ಮೇಲೆ ಬಿತ್ತು. ಗುಮಾಸ್ತ ಅದನ್ನು ಉಗುರಿನಿಂದ ಚಿಮ್ಮಿ ಬರವಣಿಗೆ ಮುಂದುವರಿಸಿದ. ಇಂಥ ಮಂಡಿಯೂರುವಿಕೆ ಬೇಡವೆಂದು ಅಪ್ಪ ತಿಪ್ಪೆ ಸೇರಿದ್ದ. ಜಕಾರಿ ಬೀದಿಗೆ ಬಂದು ಕಾಲಿಗೆ ಅಂಟಿದ ಕೆಸರನ್ನು ಕಲ್ಲಿಗೆ ಕೆರೆದುಕೊಂಡು ಮನೆಗೆ ನಡೆದ.

ಅಟ್ಟದಲ್ಲಿ ರಶೆಲ್ ಕಡಿದ ಎಳೆಗಳನ್ನು ಗಂಟು ಹಾಕುತ್ತಿದ್ದಳು. ಏನಾಯಿತೆಂದು ಕೇಳಿದಳು. ಆಗಲ್ಲ ಎಂದ.

"ಅಲ್ಲಿ ಮಂಡಿ ಮಡಿಸಕ್ಕಾಗಲ್ಲ, ಇಲ್ಲಿ ಬಾಯಿ ತೆಗೆಯಕ್ಕಾಗಲ್ಲ," ಅವಳು ಎಳೆಯಿಂದ ಕಣ್ಣೆತ್ತಲಿಲ್ಲ. "ಬೀದೀಲಿ ನಿಂತ್ಕೊಳ್ಳೋದು ಬರುತ್ತಾ?"

"ಆ ಸುಳ್ಳು ನನ್ನ ಬಾಯಿಂದ ಬರಲ್ಲ ರಶೆಲ್."

"ನನ್ನ ಬಾಯಿಂದ ನಿಜಾನೇ ಬಂತು. ಊಟಕ್ಕೆ ಕೂತಾಗೆಲ್ಲ ಈ ಬಾಯಿ ನೋಡ್ತೀಯಲ್ಲ, ಇಪ್ಪತ್ತು ವರ್ಷದಿಂದ."

"ನಾನು ಯಾವತ್ತಾದ್ರೂ ಏನಾದ್ರೂ ಅಂದಿದೀನಾ?"

"ಅನ್ನೋದೇ ಬೇಡ."

ಅವಳು ಎಳೆಯ ತುದಿಯನ್ನು ಹಲ್ಲಿನಿಂದ ಕಡಿದಳು. ಆಮೇಲೆ ಏನೋ ಅಂಗಡಿಯ ಲೆಕ್ಕ ಕೇಳುವವಳಂತೆ ಕೇಳಿದಳು.

"ಇದ್ದಿಲು ಸುಡೋರ ಗುಡಿಸಲಲ್ಲಿದ್ದಾಗ ಭಾನುವಾರ ಭಾನುವಾರ ಏನು ತಿಂತಿದ್ದೆ?"

"ನೀನು ತಂದ್ಕೊಡ್ತಿದ್ದ ರೊಟ್ಟಿ."

"ಎಂಥ ರೊಟ್ಟಿ?"

ಅವನಿಗೆ ಮರೆತಿರಲಿಲ್ಲ. ಬಿಳಿ ರೊಟ್ಟಿ, ಸೋಂಪು ಹಾಕಿದ್ದು. ವಾರವಿಡೀ ಇದ್ದಿಲಿನವರ ಕಪ್ಪು ಗಂಜಿ ಕುಡಿದವನಿಗೆ ಅದರ ವಾಸನೆಗೇ ಕಣ್ಣಲ್ಲಿ ನೀರು ಬರುತ್ತಿತ್ತು. ಅದನ್ನು ಮುರಿಯುವ ಮೊದಲು ಅವನು ಅಪ್ಪ ಕಲಿಸಿದ ಕೀರ್ತನೆಯೊಂದನ್ನು ಸದ್ದಿಲ್ಲದೆ ಹೇಳಿಕೊಳ್ಳುತ್ತಿದ್ದ.

"ನಮ್ಮನೇಲಿ ಆವಾಗ ಬಿಳಿ ಹಿಟ್ಟು ಎಲ್ಲಿತ್ತು? ಸಿಪಾಯಿಗಳು ಹೊಟ್ಟನ್ನೂ ಬಿಡದೆ ತಿಂದು ಹೋಗಿದ್ರು," ಎಂದಳು. "ಪೂಜೆ ಮುಗಿದ್ಮೇಲೆ ಪಾದ್ರಿ ಮಂತ್ರ ಹೇಳಿ, ನೀರು ಚಿಮುಕ್ಸಿ, ಬುಟ್ಟೀಲಿ ಹಂಚ್ತಿದ್ದ ರೊಟ್ಟಿ ಅದು. ನನ್ನ ಪಾಲು ನಾನು ತಿಂತಿರ್ಲಿಲ್ಲ. ಕಾಲುಚೀಲದಲ್ಲಿ ಇಟ್ಕೊಂಡು ಕಾಡಿಗೆ ಬರ್ತಿದ್ದೆ. ಪೂಜೆಗೆ ಹೋಗೋ ಹುಡುಗಿ ಅಂತ ಯಾರೂ ತಡೀತಿರ್ಲಿಲ್ಲ."

ಜಕಾರಿ ಮಗ್ಗದ ಅಡ್ಡಮರ ಹಿಡಿದುಕೊಂಡ.

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ತಿಂತಿದ್ಯಾ?"

ಅವನು ಕೆಳಗಿಳಿದು ಹಿತ್ತಲಿನ ಚರಂಡಿಯ ಬಳಿ ಬಗ್ಗಿ ನಿಂತ. ಗಂಟಲಿಗೆ ಎರಡು ಬೆರಳು ಹಾಕಿದ. ಹುಳಿನೀರು ಬಿಟ್ಟು ಏನೂ ಬರಲಿಲ್ಲ. ಇಪ್ಪತ್ತೆರಡು, ಇಪ್ಪತ್ತಮೂರು ವರ್ಷದ ಹಿಂದೆ ತಿಂದದ್ದು ರಕ್ತವಾಗಿ, ಮಾಂಸವಾಗಿ, ಮಗ್ಗ ತುಳಿಯುವ ಕಾಲಾಗಿ ಹೋಗಿತ್ತು. ಪಕ್ಕದ ಹಿತ್ತಲಿನಿಂದ ತೊಬಿಯ ಹೆಂಡತಿ ಇಣುಕಿ, ಮೀನು ಹಳಸಿತ್ತಾ ಮಾಮಾ ಎಂದು ಕೇಳಿದಳು. ಹೂಂ ಎಂದ.

ಮಾರನೇ ದಿನ ಅವನು ಮೊರಿಸೆಯ ಮನೆಗೆ ಹೋದ. ಪೂಜೆಗೆ ಹೋಗಿಲ್ಲ, ಆದರೆ ಪೂಜೆಯ ರೊಟ್ಟಿ ತಿಂದಿದ್ದೇನೆ, ಗೊತ್ತಿಲ್ಲದೆ ತಿಂದಿದ್ದೇನೆ, ಅದನ್ನೇ ಸಭೆಯ ಮುಂದೆ ಹೇಳುತ್ತೇನೆ ಎಂದ. ಮೊರಿಸೆ ಪೂರ್ತಿ ಕೇಳಿಸಿಕೊಂಡ. ಅವನ ಮುಖದಲ್ಲಿ ಬೇಸರವಿತ್ತೇ ಹೊರತು ಆಶ್ಚರ್ಯವಿರಲಿಲ್ಲ.

"ಅದೆಲ್ಲ ಬೇಡ ತಮ್ಮಾ. ಕಾಲುಚೀಲ, ಸೋಂಪು ಅಂದ್ರೆ ಹಿಂದಿನ ಬೆಂಚಿನೋರು ನಗ್ತಾರೆ. ಬೋಧಕರು ಎಲ್ರಿಗೂ ಕೇಳೋದು ಒಂದೇ ಮಾತು. ಪೂಜೆಗೆ ಹೋಗಿದ್ಯಾ, ವಿಗ್ರಹಕ್ಕೆ ಮಂಡಿ ಊರಿದ್ಯಾ. ಅದಕ್ಕೆ ಹೌದು ಅಂದ್ರೆ ಆಯ್ತು. ನಿನಗೊಬ್ಬನಿಗೇ ಬೇರೆ ಪ್ರಶ್ನೆ ಬರೆಯಕ್ಕಾಗತ್ತಾ?"

"ಅದು ನಿಜ ಅಲ್ಲ."

"ಈಗೇನು, ಬಿಲ್ಲೆ ಬೇಕೋ ಬೇಡ್ವೋ?"

ಕ್ರಿಸ್ಮಸ್ಸಿಗೆ ಮುಂಚಿನ ಭಾನುವಾರ ತಪ್ಪೊಪ್ಪಿಕೊಳ್ಳುವವರ ಸಾಲು ಬಾಗಿಲವರೆಗೆ ಇತ್ತು. ವರ್ಷಗಟ್ಟಲೆ ಸಭೆಯ ಕಡೆ ತಲೆ ಹಾಕದವರಿಗೆಲ್ಲ ಪಾರ್ಲಿಮೆಂಟಿನ ಭಯಕ್ಕೆ ಪಶ್ಚಾತ್ತಾಪ ಬಂದುಬಿಟ್ಟಿತ್ತು. ಒಬ್ಬಾತನ ಬಾಯಿ ಜಿನ್ನಿನ ವಾಸನೆ ಹೊಡೆಯುತ್ತಿತ್ತು. ಅವನು ಪ್ರಶ್ನೆ ಮುಗಿಯುವ ಮೊದಲೇ ಹೌದು ಹೌದು ಎಂದ. ಮುದುಕಿಯೊಬ್ಬಳು ನಿಜವಾಗಿಯೂ ಅತ್ತಳು. ಬೋಧಕ ಅವಳ ಅಳು ನಿಲ್ಲಲಿ ಎಂದು ಕಾದು, ಕಿಟಕಿಯ ಕಡೆ ನೋಡಿ ಹೊತ್ತು ಅಂದಾಜು ಮಾಡಿದ.

ಜಕಾರಿಯ ಸರದಿ ಬಂತು. ಅವನು ಮಂಡಿಯೂರಿದಾಗ ಇಡೀ ಸಭೆಯಲ್ಲಿ ಒಂದು ಮೆಲ್ಲನೆಯ ಸದ್ದು ಎದ್ದಿತು. ಬಹಳ ಹೊತ್ತು ಬಿಗಿಯಾಗಿ ಕೂತವರು ಒಟ್ಟಿಗೆ ಹಿಂದಕ್ಕೆ ಒರಗಿದಂಥ ಸದ್ದು. ಬೋಧಕ ಕೇಳಿದ, ಇವನು ಹೌದು ಎಂದ. ವಿಗ್ರಹಕ್ಕೆ ಮಂಡಿಯೂರಿದೆಯಾ ಎಂದಾಗ ಅವನು ತಲೆ ತಿರುಗಿಸಿದ. ಹೆಂಗಸರ ಬೆಂಚಿನಲ್ಲಿ ರಶೆಲ್ ಕತ್ತು ಮುಂದೆ ಚಾಚಿ ನೋಡುತ್ತಿದ್ದಳು. ಹೌದು ಎಂದ. ಮೊರಿಸೆ ಬಂದು ಬಗಲಿಗೆ ಕೈ ಕೊಟ್ಟು ಎಬ್ಬಿಸಿದ. ಮೊರಿಸೆಯ ಕಣ್ಣು ತುಂಬಿತ್ತು. ಅದು ನಟನೆಯಲ್ಲ. ಜಕಾರಿಗೆ ಹೇಸಿಗೆಯಾದದ್ದು ಅದಕ್ಕೇ.

ಮುಂದಿನದು ಬೇಗಬೇಗ ಮುಗಿಯಿತು. ಬಿಲ್ಲೆ ಬಂತು. ಸಣ್ಣದು, ಜಿಡ್ಡುಜಿಡ್ಡಾದದ್ದು, ನೂರು ಬೆವರುಗೈಗಳಲ್ಲಿ ಅಚ್ಚು ಸವೆದದ್ದು. ಕ್ರಿಸ್ಮಸ್ಸಿನ ದಿನ ಅದನ್ನು ಕೊಟ್ಟು ರೊಟ್ಟಿ ತಿಂದ. ರೊಟ್ಟಿ ರೊಟ್ಟಿಯ ಹಾಗೇ ಇತ್ತು. ಬೋಧಕ ರುಜು ಹಾಕಿದ. ಇವನು ತಿಂದದ್ದನ್ನು ಕಣ್ಣಾರೆ ಕಂಡೆವೆಂದು ಮೊರಿಸೆ ಮತ್ತು ತೊಬಿ ಸಾಕ್ಷಿ ಹಾಕಿದರು. ಜನವರಿಯಲ್ಲಿ ಮೂವರೂ ವೆಸ್ಟ್‌ಮಿನ್‌ಸ್ಟರಿಗೆ ನಡೆದರು. ಕೋರ್ಟಿನ ಮೆಟ್ಟಿಲಲ್ಲಿ ಬಾಡಿಗೆ ಸಾಕ್ಷಿಗಳು ತರಕಾರಿ ಮಾರುವವರ ಹಾಗೆ ಕೂಗುತ್ತಿದ್ದರು. ಯಾರ ದೇವರು ಯಾರ ಗಂಟಲಲ್ಲಿ ಇಳಿದಿದ್ದರೂ ಅವರು ಕಂಡಿರುತ್ತಿದ್ದರು. ಒಳಗೆ ಪ್ರಮಾಣಕ್ಕೆ ಬೈಬಲ್ಲಿಗೆ ಮುತ್ತಿಡಬೇಕು. ಅದರ ತೊಗಲಿನ ರಟ್ಟು ಬೆಳಗಿನಿಂದ ಮುಟ್ಟಿದ ತುಟಿಗಳಿಂದ ಒದ್ದೆಯಾಗಿತ್ತು. ಜಕಾರಿ ಮುತ್ತಿಟ್ಟ. ಶಿಲ್ಲಿಂಗ್ ಕೊಟ್ಟ. ಪರದೇಶಿಯಾಗಿ ಒಳಗೆ ಹೋದವನು ಇಂಗ್ಲೆಂಡಿನವನಾಗಿ ಹೊರಗೆ ಬಂದು ಗೋಡೆಯ ಮರೆಯಲ್ಲಿ ತೋಳಿನಿಂದ ತುಟಿ ಒರೆಸಿಕೊಂಡ.

ಪಾರ್ಗಿಟರ್ ಕರಾರಿಗೆ ರುಜು ಹಾಕಿ ಕೈ ಕುಲುಕಿದ. ಫೆಬ್ರವರಿಯಲ್ಲಿ ಕಾಯಿದೆ ರದ್ದಾಯಿತು.

ಸುದ್ದಿ ಬಂದ ದಿನ ಸಂಜೆ ರಶೆಲ್ ಎತ್ತಿನ ಬಾಲದ ಸಾರು ಮಾಡಿ ಮೊರಿಸೆಯನ್ನೂ ತೊಬಿಯನ್ನೂ ಊಟಕ್ಕೆ ಕರೆದಿದ್ದಳು. ಈ ಒಂದು ತಿಂಗಳಲ್ಲಿ ಅವಳು ಬದಲಾಗಿದ್ದಳು. ಊಟಕ್ಕೆ ಗಂಡನ ಎದುರಿಗೆ ಕೂರುವುದನ್ನು ಬಿಟ್ಟು ಅದೇ ಬೆಂಚಿನಲ್ಲಿ ಅವನ ಪಕ್ಕಕ್ಕೆ ಕೂರುತ್ತಿದ್ದಳು. ನೂಲು ಸುತ್ತುವಾಗ ಹಾಡಿಕೊಳ್ಳುತ್ತಿದ್ದಳು. ಅವಳ ದನಿ ಚೆನ್ನಾಗಿದೆಯೆಂದು ಬೀದಿಗೆ ಈಗ ತಿಳಿಯಿತು.

ಕಾಯಿದೆ ಹೋದದ್ದಕ್ಕೆ ಜಕಾರಿ ಮುಖ ಸಣ್ಣಗೆ ಮಾಡಿಕೊಂಡಿದ್ದ. ಇನ್ನು ಬರುವವರ ಗತಿ ಏನು ಎಂದ. ತೊಬಿ ಮೂಳೆಯಿಂದ ಮಜ್ಜೆ ಹೀರುವುದನ್ನು ನಿಲ್ಲಿಸಿ ಅವನನ್ನು ನೋಡಿದ.

"ನಾವು ಒಳಗೆ ಬಂದ್ವಿ, ಬಾಗ್ಲು ಹಾಕ್ಕೊಂಡ್ರು. ಒಳ್ಳೇದೇ ಆಯ್ತು ಬಿಡು ಮಾರಾಯ. ಇನ್ನಷ್ಟು ಜನ ಬಂದಿದ್ರೆ ಕೂಲಿ ಎಲ್ಲಿಗಿಳೀತಿತ್ತು?"

ಮೊರಿಸೆ ಅದಕ್ಕೆ ಆಮೆನ್ ಎಂದ. ಎಲ್ಲರೂ ಬಿಯರ್ ಕುಡಿದರು. ಬಿಯರ್ ಒಳಗಿಳಿದ ಮೇಲೆ ತೊಬಿ ತನ್ನ ಮೊದಲ ಪೂಜೆಯ ಕಥೆ ತೆಗೆದ. ಪಾದ್ರಿ ಹೊಗೆಯ ಬಟ್ಟಲು ಬೀಸುವಾಗ ಇವನಿಗೆ ಸೀನು ಬಂದು, ಪಕ್ಕದಲ್ಲಿದ್ದ ಸಿಪಾಯಿ ಅದನ್ನು ಧಿಕ್ಕಾರವೆಂದು ತಿಳಿದು ಕತ್ತಿನ ಪಟ್ಟಿ ಹಿಡಿದನಂತೆ. ಮೊರಿಸೆ ನಕ್ಕು ನಕ್ಕು ಕಣ್ಣೊರೆಸಿಕೊಂಡು ತನ್ನದನ್ನು ಹೇಳಿದ. ಎಲ್ಲಿ ಏಳಬೇಕು ಎಲ್ಲಿ ಕೂರಬೇಕು ತಿಳಿಯದೆ ಮುಂದಿದ್ದ ಮುದುಕಿಯನ್ನೇ ನೋಡಿಕೊಂಡು ಮಾಡುತ್ತಿದ್ದನಂತೆ. ಅವಳು ಸೊಂಟ ನೋವಿಗೆ ಎದ್ದರೆ ಇವನೂ ಏಳುತ್ತಿದ್ದನಂತೆ. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಅವರು ಜಕಾರಿಯ ಮುಂದೆ ಈ ಮಾತು ಎತ್ತಿರಲಿಲ್ಲ. ತಾನು ಬಂದರೆ ಅವರು ನಿಲ್ಲಿಸಿಬಿಡುತ್ತಿದ್ದ ನಗು ಇದೇ ಎಂದು ಅವನಿಗೆ ಅರ್ಥವಾಯಿತು.

"ನಿಂದು ಹೇಳು," ತೊಬಿ ಅವನ ಭುಜಕ್ಕೆ ಭುಜ ತಾಗಿಸಿದ. "ಇಷ್ಟು ವರ್ಷ ನಮ್ಮನ್ನೆಲ್ಲ ಮಂಗ ಮಾಡಿದ್ಯಲ್ಲ. ಮೊದಲನೇ ಸಲ ಯಾವಾಗ?"

ಮೂವರೂ ಅವನನ್ನೇ ನೋಡುತ್ತಿದ್ದರು. ಹೋಗಿಲ್ಲ ಎನ್ನುವಂತಿರಲಿಲ್ಲ. ಇವರೇ ಹಾಕಿದ ಸಾಕ್ಷಿ, ಬೋಧಕನ ರುಜು, ಅಟ್ಟದ ಮಗ್ಗ ಎಲ್ಲವೂ ಸಭೆಯ ಮುಂದೆ ಹೇಳಿದ ಆ ಹೌದಿನ ಮೇಲೆ ಕೂತಿದ್ದವು.

ಎರಡನೇ ಚಳಿಗಾಲ ಎಂದ ಜಕಾರಿ. ಹಸಿವು ತಡೆಯಲಾರದೆ ಕಾಡಿನಿಂದ ಬಂದೆ ಎಂದ. ನೆಲದ ಕಲ್ಲು ಮಂಜಿನಷ್ಟು ತಣ್ಣಗಿತ್ತು, ಮಂಡಿ ಮರಗಟ್ಟಿತು, ಮೇಣದ ಬತ್ತಿಗಳ ಹೊಗೆಗೆ ಕಣ್ಣು ಉರಿಯಿತು ಎಂದ. ಮಾತು ತಾನಾಗಿ ಬರುತ್ತಿತ್ತು. ಇಷ್ಟು ಚೆನ್ನಾಗಿ ಬರುತ್ತದೆಂದು ಅವನಿಗೇ ಗೊತ್ತಿರಲಿಲ್ಲ. ಯಾರಾದ್ರೂ ನೋಡಿದ್ರಾ ಎಂದು ಮೊರಿಸೆ ಕೇಳಿದ. ಇಲ್ಲ, ಬಾಗಿಲ ಪಕ್ಕದಲ್ಲೇ ಇದ್ದೆ, ಹಿಂದೆ ಎಂದ ಜಕಾರಿ.

ಮೊರಿಸೆಯ ಹುಬ್ಬು ಸ್ವಲ್ಪ ಗಂಟಾಯಿತು. ಅವನು ಆ ಚರ್ಚಿನಲ್ಲಿ ಮೂರು ವರ್ಷ ಕೂತವನು.

"ಬಾಗ್ಲ ಪಕ್ಕ ಹೆಂಗಸ್ರು ಕಣೋ, ಮರೆತಿದೀಯ," ಎಂದಳು ರಶೆಲ್. ಅವಳ ದನಿ ತೀರ ಸಹಜವಾಗಿತ್ತು. "ನೀನಿದ್ದದ್ದು ಕಂಬದಾಚೆ, ಗಂಟೆ ಹಗ್ಗದ ಹತ್ರ. ನಾನು ನೋಡಿದ್ದೆ."

"ಹೂಂ," ಎಂದ ಜಕಾರಿ. "ಕಂಬದಾಚೆ."

ಮೊರಿಸೆ ತಲೆಯಾಡಿಸಿದ. ಹೌದು, ಆ ಕಂಬದ ಹಿಂದೆ ಕೂತರೆ ಪಾದ್ರಿಗೆ ಕಾಣುತ್ತಿರಲಿಲ್ಲ, ತಾನೂ ಎಷ್ಟೋ ಸಲ ಅಲ್ಲೇ ಕೂತಿದ್ದೆ ಎಂದು ಅವನು ತೊಬಿಗೆ ವಿವರಿಸತೊಡಗಿದ.

ಜಕಾರಿಯ ಬಟ್ಟಲಿನಲ್ಲಿ ಸಾರು ಆರಿ, ಮೇಲೆ ಕೊಬ್ಬು ಬೆಳ್ಳಗೆ ಕೆನೆಗಟ್ಟಿತ್ತು. ರಶೆಲ್ ಸೌಟಿನ ತುದಿಯಿಂದ ಆ ಕೆನೆಯನ್ನು ಬದಿಗೆ ಸರಿಸಿ, ನಡುವೆ ಬಿಸಿ ಸಾರು ಸುರಿದಳು. ಅವನು ಚಮಚ ಎತ್ತಿಕೊಂಡ.